ಎತ್ತಿಟ್ಟ ಅರ್ಧ

ನಮ್ಮ ಚಿಕ್ಕಮ್ಮನಿಗೆ ಮದುವೆಯ ವಯಸ್ಸಿನಲ್ಲಿ ಒಂದು ಸಂಬಂಧ ಬಂದಿತ್ತಂತೆ. ಹುಡುಗ ಬ್ಯಾಂಕಿನಲ್ಲಿದ್ದ, ಲಕ್ಷಣವಾಗಿದ್ದ, ಮಾತೂ ಮೆತ್ತಗೆ. "ನೀವು ಆಫೀಸಿನಲ್ಲಿ ಏನು ಕೆಲಸ ಮಾಡ್ತೀರಿ?" ಎಂದು ಕೇಳಿದ. ಚಿಕ್ಕಮ್ಮ ಒಂದು ಕ್ಷಣವೂ ತಡವರಿಸದೆ "ಮಣ್ಣು ಮೂಸ್ತೀನಿ" ಎಂದಳು. ಹುಡುಗ ಕಾಫಿ ಲೋಟ ಕೆಳಗಿಟ್ಟ. ಆಮೇಲೆ ಆ ಕಡೆಯಿಂದ ಸುದ್ದಿಯೇ ಇಲ್ಲ. ಈ ಕತೆಯನ್ನು ನಮ್ಮಮ್ಮ ನೂರು ಸಲ ಹೇಳಿದ್ದಾಳೆ, ನೂರು ಸಲವೂ ಕೊನೆಗೆ ಹಣೆ ಚಚ್ಚಿಕೊಂಡಿದ್ದಾಳೆ. "ಲ್ಯಾಬಿನಲ್ಲಿದ್ದೀನಿ ಅಂದಿದ್ರೆ ಸಾಕಿತ್ತಲ್ಲೇ! ಮೂಸೋ ವಿಷಯ ಯಾಕೆ ಎತ್ತಬೇಕಿತ್ತು ಇವಳು?"

ಯಾಕೆಂದರೆ ಅವಳು ಮೂಸುತ್ತಿದ್ದದ್ದು ನಿಜ. ಇರುವುದನ್ನು ಇರುವ ಹಾಗೆ ಹೇಳುವುದು ಅವಳಿಗೆ ಚಟವಾಗಿ ಹೋಗಿತ್ತು. ಸಂಬಳ ಕೊಡುತ್ತಿದ್ದದ್ದೂ ಅದಕ್ಕೇ.

ಕಟ್ಟಡ ಏಳುವ ಮೊದಲು ಆ ಜಾಗದಲ್ಲಿ ಆಳಕ್ಕೆ ಕೊರೆದು ಕಬ್ಬಿಣದ ಕೊಳವೆಗಳಲ್ಲಿ ಮಣ್ಣು ತೆಗೆಯುತ್ತಾರೆ. ಕೊಳವೆಯ ಎರಡೂ ಬಾಯಿಗೆ ಮೇಣ ಸುರಿದು, ಒಳಗಿನ ಪಸೆ ಆರದ ಹಾಗೆ ಲ್ಯಾಬಿಗೆ ತರುತ್ತಾರೆ. ಅದು ಎಂಥ ಮಣ್ಣು, ಅದರ ಮೇಲೆ ಕಟ್ಟಡ ನಿಲ್ಲಿಸಿದರೆ ತಾಳುತ್ತದೋ ಕೈ ಕೊಡುತ್ತದೋ ಎಂದು ಹೇಳುವುದು ಲ್ಯಾಬಿನವರ ಕೆಲಸ. ಮರಳಾದರೆ ಜರಡಿ ಹಿಡಿದರೆ ಮುಗಿಯಿತು. ಜೇಡಿಮಣ್ಣಿನ ಕಣ ಯಾವ ಜರಡಿಗೂ ನಿಲ್ಲುವುದಿಲ್ಲ. ಅದರ ನಡತೆಯನ್ನೇ ನೋಡಬೇಕು. ನೀರು ಕುಡಿದರೆ ಏನಾಗುತ್ತದೆ, ನೀರು ಬತ್ತಿದರೆ ಏನಾಗುತ್ತದೆ, ಹಿಸುಕಿದರೆ, ಹೊಸೆದರೆ, ಒಣಗಿಸಿ ಮುರಿದರೆ ಏನು ಮಾಡುತ್ತದೆ. ಇಷ್ಟನ್ನೂ ನೋಡುತ್ತ ಚಿಕ್ಕಮ್ಮ ಕೂದಲು ಬೆಳ್ಳಗೆ ಮಾಡಿಕೊಂಡಳು.

ಒಮ್ಮೆ ಅವಳ ಲ್ಯಾಬಿಗೆ ಹೋಗಿ ಕೂತು ನೋಡಿದ್ದೇನೆ. ಉದ್ದನೆಯ ಕಾರಿಡಾರಿನ ಕೊನೆಯ ಕೋಣೆ. ಯಾವಾಗಲೂ ಮಣ್ಣು ಕಟ್ಟಿಕೊಂಡು ನಿಧಾನಕ್ಕೆ ಇಳಿಯುವ ಸಿಂಕು, ಮೂಲೆಯಲ್ಲಿ ಬೀರುವಿನಷ್ಟು ದೊಡ್ಡ ಒಣಗಿಸುವ ಒಲೆ, ಕಿಟಕಿಯ ಕೆಳಗೆ ಮೇಜು. ಮೇಜಿನ ಮೇಲೆ ಹಿತ್ತಾಳೆಯ ಒಂದು ಬಟ್ಟಲು. ಅದರಲ್ಲಿ ಹಸಿ ಮಣ್ಣು ಹರಡಿ, ನಡುವೆ ಒಂದು ಗೀರು ಎಳೆದು, ಹಿಡಿ ತಿರುಗಿಸಿದರೆ ಬಟ್ಟಲು ಎದ್ದು ಎದ್ದು ಬೀಳುತ್ತದೆ. ಟಕ್, ಟಕ್, ಟಕ್. ಎಷ್ಟು ಸಲ ಬಿದ್ದ ಮೇಲೆ ಗೀರು ಮುಚ್ಚಿಕೊಂಡಿತು ಎಂಬುದರ ಮೇಲೆ, ಆ ಮಣ್ಣು ಎಷ್ಟು ನೀರಿಗೆ ಗಂಜಿಯಾಗಿ ಹರಿಯುತ್ತದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿ ಗಾಜಿನ ಹಲಗೆ. ಅದರ ಮೇಲೆ ಮಣ್ಣಿನ ಉಂಡೆಯನ್ನು ಅಂಗೈಯಿಂದ ಬೆಂಕಿಕಡ್ಡಿಯಷ್ಟು ಸಣ್ಣಕ್ಕೆ ಹೊಸೆಯಬೇಕು. ಮತ್ತೆ ಮುದ್ದೆ ಮಾಡಿ ಮತ್ತೆ ಹೊಸೆಯಬೇಕು. ಅಷ್ಟಷ್ಟೇ ಪಸೆ ಆರುತ್ತ ಬಂದು, ಯಾವಾಗ ಅದು ಹೊಸೆಯಲು ಬಾರದೆ ತುಂಡು ತುಂಡಾಗುತ್ತದೋ ಆವಾಗ ನಿಲ್ಲಿಸಬೇಕು. ಹರಿಯುವುದಕ್ಕೂ ಮುರಿಯುವುದಕ್ಕೂ ನಡುವಿನ ಅಂತರ ಹೆಚ್ಚಿದ್ದರೆ ಅದು ಕೊಬ್ಬಿದ ಜೇಡಿ, ಕಡಿಮೆಯಿದ್ದರೆ ಬಡಕಲು ಜೇಡಿ. ಇದೇನು ನನ್ನ ತಮಾಷೆಯಲ್ಲ, ಅವರ ಲ್ಯಾಬಿನಲ್ಲಿ ಹಾಗೇ ಕರೆಯುತ್ತಾರೆ. ಸಂಜೆಯ ಹೊತ್ತಿಗೆ ಗಾಜಿನ ಮೇಲೆ ಮಣ್ಣಿನ ಎಳೆಗಳು ರಾಶಿ ಬಿದ್ದಿರುತ್ತಿದ್ದವು. ಅದನ್ನು ನೋಡಿ ಎದುರಿನ ಕಾಂಕ್ರೀಟ್ ಕೋಣೆಯವರು ಅವಳಿಗೆ ಎರೆಹುಳದಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆಯುತ್ತಿದ್ದರು. ಇವಳೂ "ಹೂಂ, ಏನು?" ಎನ್ನುತ್ತಿದ್ದಳು.

"ಕೊಬ್ಬಿದ್ದನ್ನ ನಂಬಬಾರ್ದು" ಎಂದು ಆ ದಿನ ಹೊಸೆಯುತ್ತಲೇ ಹೇಳಿದ್ದಳು. "ನೀರು ಕಂಡ್ರೆ ಉಬ್ಬತ್ತೆ, ಬಿಸಿಲು ಕಂಡ್ರೆ ಬಿರಿಯತ್ತೆ. ಮೇಲಿರೋ ಮನೆ ಅದರ ಜೊತೆ ಏಳ್ತಾ ಬೀಳ್ತಾ ಇರಬೇಕು. ಆದ್ರೂ ಪರವಾಗಿಲ್ಲ, ಅದು ಏನು ಮಾಡತ್ತೆ ಅಂತ ಗೊತ್ತಿರತ್ತೆ. ಕೊಳೆತದ್ದು ಅದಕ್ಕಿಂತ ಕಷ್ಟ ಕಣೇ."

ಕೊಳೆತದ್ದು ಎಂದರೆ, ಎಂದೋ ಕೆರೆಯೋ ಜವುಗೋ ಇದ್ದ ಕಡೆ ಎಲೆ, ಬೇರು, ಸೊಪ್ಪು ಸೇರಿ ಕೊಳೆತು ಹೋದ ಜೇಡಿ. ನೋಡಲು ಉಳಿದ ಕಪ್ಪು ಮಣ್ಣಿನ ಹಾಗೇ ಇರುತ್ತದೆ. ಭಾರ ಹೇರಿದರೆ ಒಪ್ಪಿಕೊಂಡ ಹಾಗೆ ಸುಮ್ಮನಿದ್ದು, ವರ್ಷಗಟ್ಟಲೆ ಒಂದೊಂದೇ ಕೂದಲೆಳೆಯಷ್ಟು ಕುಸಿಯುತ್ತದೆ. ಗೋಡೆ ಬಿರಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ಅದನ್ನು ಹಿಡಿಯಲು ಎರಡು ದಾರಿ. ಒಂದು ದಾರಿ ಉದ್ದ: ಹಸಿ ಮಣ್ಣಿಗೊಮ್ಮೆ ಬಟ್ಟಲಿನ ಪರೀಕ್ಷೆ ಮಾಡುವುದು, ಅದೇ ಮಣ್ಣನ್ನು ಒಲೆಯಲ್ಲಿ ಒಣಗಿಸಿ, ಮತ್ತೆ ನೀರು ಕಲಸಿ, ಇನ್ನೊಮ್ಮೆ ಮಾಡುವುದು. ಕೊಳೆತ ಮಣ್ಣು ಒಮ್ಮೆ ಒಲೆ ಕಂಡರೆ ಮತ್ತೆ ಎಷ್ಟು ನೀರು ಹಾಕಿದರೂ ಮೊದಲಿನ ಹಾಗೆ ಆಗುವುದಿಲ್ಲ. ಇನ್ನೊಂದು ದಾರಿ ಮೂಗು. ಒಂದಿಷ್ಟು ಮಣ್ಣನ್ನು ಪಿಂಗಾಣಿ ಬಟ್ಟಲಿನಲ್ಲಿ ನೀರು ಚಿಮುಕಿಸಿ ಬೆಚ್ಚಗೆ ಮಾಡಿದರೆ, ಕೊಳೆತದ್ದಾದರೆ ವಾಸನೆ ಏಳುತ್ತದೆ. ಮೊದಲು ಮೂಗು, ಮೂಗು ಹೌದೆಂದರೆ ಒಲೆ. ಆ ಲ್ಯಾಬಿನಲ್ಲಿ ಮೂಗು ಎಂದರೆ ಚಿಕ್ಕಮ್ಮನ ಮೂಗು.

ಅವಳ ಇನ್ನೊಂದು ನಿಯಮವನ್ನೂ ಈಗಲೇ ಹೇಳಿಬಿಡುತ್ತೇನೆ. ಯಾವ ಮಣ್ಣು ಬಂದರೂ ಅರ್ಧ ಮಾತ್ರ ಬಳಸುವುದು. ಉಳಿದರ್ಧಕ್ಕೆ ಮತ್ತೆ ಮೇಣ ಸುರಿದು ಅಲಮಾರಿನಲ್ಲಿ ಎತ್ತಿಡುವುದು. ಆ ಕಟ್ಟಡ ಎದ್ದು ನಿಲ್ಲುವವರೆಗೆ ಅದನ್ನು ಎಸೆಯುವ ಹಾಗಿಲ್ಲ. "ತಪ್ಪು ಮಾಡಿದ್ರೆ ವಾಪಸ್ ಹೋಗೋಕೆ ಒಂದು ದಾರಿ ಬೇಡ್ವಾ?" ಎನ್ನುತ್ತಿದ್ದಳು. ಮನೆಯಲ್ಲೂ ಹಾಗೇ. ಒಂದು ಬಿಸ್ಕತ್ತು ಕೊಟ್ಟರೆ ಅರ್ಧ ತಿಂದು ಅರ್ಧ ಡಬ್ಬಿಗೆ ಹಾಕುವ ಪ್ರಾಣಿ.

ಇಷ್ಟೆಲ್ಲ ಕೇಳಿ, ಅವಳು ಮನುಷ್ಯರನ್ನೂ ಮಣ್ಣಿನ ಹಾಗೆ ಅಳೆದು ವಿಂಗಡಿಸುತ್ತಿದ್ದಳು ಎಂದುಕೊಳ್ಳಬೇಡಿ. ಮನುಷ್ಯರ ವಿಷಯದಲ್ಲಿ ಅವಳು ಶುದ್ಧ ಪೆದ್ದು. ಯಾರು ಏನು ಹೇಳಿದರೂ ಕಣ್ಣರಳಿಸಿ ನಂಬುತ್ತಿದ್ದಳು. ಬ್ಯಾಂಕಿನ ಹುಡುಗ ಒಂದಲ್ಲ ಒಂದು ದಿನ ಪತ್ರ ಬರೆಯುತ್ತಾನೆ ಎಂದು ಅಜ್ಜಿ ಸಮಾಧಾನಕ್ಕೆ ಹೇಳಿದ್ದನ್ನೂ ನಂಬಿ ಕಾದಿದ್ದಳಂತೆ. ನಮ್ಮಮ್ಮ ಮದುವೆಯಾಗಿ ಹೋದ ಮೇಲೆ ಅಜ್ಜಿ ಮತ್ತು ಚಿಕ್ಕಮ್ಮ ಇಬ್ಬರೇ ಉಳಿದರು. ಮಹಡಿ ಮೇಲಿನ ಎರಡು ಕೋಣೆಯ ಮನೆ. ಬೆಳಿಗ್ಗೆ ಅಜ್ಜಿ ಬುತ್ತಿ ಕಟ್ಟುವುದು, ಸಂಜೆ ಇವಳು ಉಗುರಿನ ಸಂದಿಯ ಮಣ್ಣು ತೊಳೆದು ಅಜ್ಜಿಯ ಕಾಲು ಒತ್ತುವುದು, ಇಬ್ಬರೂ ಸೇರಿ ರೇಡಿಯೋ ಕೇಳಿ ಜಗಳವಾಡುವುದು. ಅಜ್ಜಿ ಹೋದಳು. ಮನೆ ಹಾಗೇ ಉಳಿಯಿತು, ಜಗಳವಾಡಲು ಜನ ಇಲ್ಲ. "ನಮ್ಮನೆಗೆ ಬಂದಿರು" ಎಂದು ಅಮ್ಮ ಕರೆದಳು. "ಲ್ಯಾಬಿಗೆ ದೂರ ಆಗತ್ತೆ" ಎಂದಳು. ದೂರ ಆಗುತ್ತಿದ್ದದ್ದೂ ನಿಜ. ಲ್ಯಾಬಿನಲ್ಲಿ ಅವಳ ಸಹಾಯಕಿ ನಿವೃತ್ತಳಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಹಗಲು ಬಟ್ಟಲಿನ ಟಕ್ ಟಕ್, ಸಂಜೆ ರೇಡಿಯೋ. ನಡುವೆ ಬಸ್ಸಿನ ಕಂಡಕ್ಟರ್ ಜೊತೆ ಚಿಲ್ಲರೆ ಮಾತು, ಅಷ್ಟೇ.

ನಾನು ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು. ತಿಂಗಳಿಗೊಂದು ರಜೆ ಭಾನುವಾರ ಬೀಳುತ್ತದೆ, ಆ ದಿನ ಚಿಕ್ಕಮ್ಮನ ಮನೆಗೆ ಹೋಗುವುದು ನನ್ನ ರೂಢಿ. ಹಾಗೆ ಹೋದಾಗಲೇ ಒಮ್ಮೆ ಶಾಲಿನ ವಿಷಯ ತಿಳಿದದ್ದು.

ಮಂಚದ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಅದರೊಳಗೆ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಇನ್ನೊಂದು ಚೀಲ, ಎರಡಕ್ಕೂ ಬಿಗಿಯಾಗಿ ಗಂಟು. ಒಳಗೆ ಅಜ್ಜಿಯ ಬೂದು ಬಣ್ಣದ ಉಣ್ಣೆ ಶಾಲು. ಅಜ್ಜಿ ಕೊನೆಯ ದಿನದವರೆಗೆ ಹೊದ್ದುಕೊಂಡದ್ದು, ಒಗೆಯದೆ ಇಟ್ಟದ್ದು.

"ಅಮ್ಮನ ವಾಸನೆ ಇದೆ ಇದರಲ್ಲಿ" ಎಂದಳು. "ತಲೆಗೆ ಹಚ್ಚೋ ಎಣ್ಣೆ, ಕೈಗೆ ಹಚ್ಕೋತಿದ್ದ ಮುಲಾಮು, ಆಮೇಲೆ ಅವಳ್ದೇ ಒಂದು. ಯಾವಾಗ್ಲೂ ತೆಗೆಯಲ್ಲ. ತೆಗೆದಷ್ಟೂ ಹೋಗತ್ತೆ. ತೀರಾ ಬೇಜಾರಾದ್ರೆ ಮಾತ್ರ."

"ಮೇಣ ಸುರಿಯೋದೊಂದು ಬಾಕಿ ನೋಡು" ಎಂದು ರೇಗಿಸಿದೆ.

ಅವಳು ನಗಲಿಲ್ಲ. "ಅದನ್ನೂ ಯೋಚನೆ ಮಾಡಿದ್ದೆ. ಬಟ್ಟೆಗೆ ಮೇಣ ಹತ್ತಿದ್ರೆ ಹೋಗಲ್ಲ" ಎಂದು ಗಂಟು ಬಿಗಿದಳು. ಅವಳಿಗೆ ಬೇಜಾರಾದ ಸಂಜೆಗಳಲ್ಲಿ ಆ ಮನೆಯಲ್ಲಿ ಅಜ್ಜಿ ಅಂತ ಉಳಿದಿದ್ದದ್ದು ಅದೊಂದೇ.

ಆಮೇಲೆ ಜ್ವರ ಬಂತು. ಜ್ವರ, ಕಟ್ಟಿದ ಮೂಗು, ಕೆಮ್ಮು. ನಮಗೆ ಯಾರಿಗೂ ಹೇಳಲಿಲ್ಲ. ಎಲ್ಲ ಮುಗಿದ ಮೇಲೆ ಫೋನಿನಲ್ಲಿ "ಸ್ವಲ್ಪ ಜ್ವರ ಇತ್ತು, ಈಗ ಲ್ಯಾಬಿಗೆ ಹೋಗ್ತಿದ್ದೀನಿ" ಎಂದಳು. ಮುಂದಿನ ರಜೆಯ ಭಾನುವಾರ ನಾನು ಹೋದಾಗ ಬಾಗಿಲು ತೆಗೆದವಳ ಹೆಗಲ ಮೇಲೆ ಆ ಬೂದು ಶಾಲು! ಮಡಿಕೆಯ ಗೆರೆ ಇನ್ನೂ ಕಾಣುತ್ತಿತ್ತು, ಉಣ್ಣೆ ಮೆತ್ತಗಾಗಿತ್ತು.

"ಇದೇನು ಚಿಕ್ಕಮ್ಮ, ಪೆಟ್ಟಿಗೆಯಿಂದ ಹೊರಗೆ ಬಂದುಬಿಟ್ಟಿದೆ?"

"ವಾಸನೆ ಪೂರ್ತಿ ಹೋಗಿತ್ತು ಕಣೇ" ಎಂದಳು, ಒಲೆಯ ಕಡೆ ತಿರುಗಿ. "ಜ್ವರದಿಂದ ಎದ್ದ ಮೇಲೆ ಅಮ್ಮ ತುಂಬಾ ನೆನಪಾದ್ಲು, ತೆಗೆದೆ. ಏನೂ ಇಲ್ಲ. ಬರೀ ಬಟ್ಟೆ. ಆ ದಿನ ಪೂರ್ತಿ ಅತ್ತೆ. ಆಮೇಲೆ ಖಾಲಿ ಬಟ್ಟೆ ಯಾಕೆ ಕಟ್ಟಿಡೋದು ಅಂತ ಒಗೆದು ಹೊದ್ಕೊಂಡೆ. ಬೆಚ್ಚಗಿದೆ."

ಒಳ್ಳೆಯದೇ ಆಯಿತು ಎಂದುಕೊಂಡೆ. ಒಗೆಯದ ಬಟ್ಟೆ ಇಟ್ಟುಕೊಂಡು ಎಷ್ಟು ವರ್ಷ ಅಂತ ಕೊರಗುವುದು? ಅಮ್ಮನಿಗೆ ಹೇಳಿದಾಗ ಅವಳೂ "ಪಾಪ, ಅಂತೂ ಸಮಾಧಾನ ಮಾಡ್ಕೊಂಡ್ಲು" ಎಂದಳು.

ಅದರ ಮುಂದಿನ ತಿಂಗಳ ಭಾನುವಾರ ಮೆಟ್ಟಿಲು ಹತ್ತುವಾಗಲೇ ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಬಾಗಿಲು ದೂಡಿ ಒಳಗೆ ನುಗ್ಗಿದರೆ ಹಾಲು ಉಕ್ಕಿ ಒಲೆ ಆರಿದೆ, ಗ್ಯಾಸು ಸುಸ್ಸೆಂದು ಬರುತ್ತಲೇ ಇದೆ. ಚಿಕ್ಕಮ್ಮ ಪಕ್ಕದ ಕೋಣೆಯಲ್ಲಿ ಶಾಲು ಹೊದ್ದು ಆರಾಮವಾಗಿ ಪೇಪರ್ ಓದುತ್ತಿದ್ದಾಳೆ. ಸಿಲಿಂಡರ್ ಮುಚ್ಚಿ, ಕಿಟಕಿಗಳನ್ನೆಲ್ಲ ತೆಗೆದು, ಅವಳನ್ನು ದರದರನೆ ಹೊರಗಿನ ಮೆಟ್ಟಿಲಿಗೆ ಎಳೆದು ತಂದೆ.

"ಸಾಯ್ಬೇಕು ಅಂತಿದ್ದೀಯಾ? ಬೀದಿಗೆಲ್ಲ ಹೊಡೀತಿದೆ ವಾಸನೆ!"

"ವಾಸನೆನಾ?" ಎಂದು ಪಿಳಿಪಿಳಿ ನೋಡಿದಳು. "ಎಲ್ಲಿ?"

ಮನೆಯ ಗಾಳಿ ತಿಳಿಯಾದ ಮೇಲೆ ನಾನು ಕಾಫಿಪುಡಿ ಡಬ್ಬಿ ತಂದು ಅವಳ ಮೂಗಿಗೆ ಹಿಡಿದೆ. ತಲೆಯಾಡಿಸಿದಳು. ಸೋಪು ತಂದೆ. ಇಲ್ಲ. ಬೆಳ್ಳುಳ್ಳಿ ಜಜ್ಜಿ ತಂದೆ. ಇಲ್ಲ. ಕೊನೆಗೆ ಸಿಟ್ಟಿಗೆ ನನ್ನ ಚಪ್ಪಲಿಯನ್ನೇ ಹಿಡಿದೆ. "ಇಲ್ಲ" ಎಂದಳು, ನಗದೆ.

ಇಷ್ಟು ದಿನ ಗೊತ್ತೇ ಆಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಬಾಯಿ ಬಿಟ್ಟು ಕೇಳಿದೆ. ಅವಳು ನಿಧಾನಕ್ಕೆ ಒಂದೊಂದೇ ಹೇಳಿದಳು. ಊಟ ಸಪ್ಪೆ ಅನ್ನಿಸಿದ್ದಕ್ಕೆ ಮಾತ್ರೆಯ ಪ್ರಭಾವ ಎಂದುಕೊಂಡಿದ್ದಳು. ಅವಳ ಊಟವೂ ಮೊದಲಿನಿಂದ ಸಪ್ಪೆಯೇ. ಏನೋ ಸೀದರೆ, ಏನೋ ಹಳಸಿದರೆ, "ಏನೇ ಇದು ವಾಸನೆ" ಎಂದು ಕೂಗುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಆವಾಗ ತಾನೆ ನಮ್ಮ ಮೂಗಿನ ನೆನಪು ನಮಗೆ ಬರುವುದು? ಆ ಮನೆಯಲ್ಲಿ ಕೂಗುವವರಿರಲಿಲ್ಲ. ಲ್ಯಾಬಿನಲ್ಲಂತೂ ಇನ್ನೂ ಚೆಂದ. ಬೇರೆಯವರಿಗೆ ವಾಸನೆ ಬರದಿದ್ದರೆ ತಮಗೇನೋ ಆಗಿದೆ ಅನ್ನಿಸುತ್ತದೆ. ಅವಳ ಕೆಲಸದಲ್ಲಿ "ವಾಸನೆ ಇಲ್ಲ" ಎನ್ನುವುದು ಮಣ್ಣಿನ ಗುಣ. ಬರೆದು ಮುಂದಿನ ಬಟ್ಟಲಿಗೆ ಹೋಗುವುದು.

ತಾನು ಸಾಯುತ್ತಿದ್ದೆ ಎಂಬುದು ಅವಳ ತಲೆಗೇ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತವಳು ಇದ್ದಕ್ಕಿದ್ದ ಹಾಗೆ ನನ್ನ ಕೈ ಹಿಡಿದಳು.

"ಆಸ್ಪತ್ರೆ ಮಣ್ಣು" ಎಂದಳು.

ಹೆರಿಗೆ ಆಸ್ಪತ್ರೆಯೊಂದರ ಜಾಗದ ಮಣ್ಣು ಜ್ವರದ ನಂತರ ಬಂದಿತ್ತಂತೆ. ಎಲ್ಲ ಕೊಳವೆಗೂ ವಾಸನೆ ಇಲ್ಲ ಎಂದು ಬರೆದು ಕೊಟ್ಟಿದ್ದಾಳೆ. ವರದಿ ಹೋಗಿದೆ. ನಾಳೆ ಪಾಯ ತೋಡಲು ಶುರು.

"ಎದ್ದೇಳು" ಎಂದಳು. "ನಿನ್ನ ಮೂಗು ಬೇಕು."

ಭಾನುವಾರ ಲ್ಯಾಬಿನ ಕಾರಿಡಾರಿನಲ್ಲಿ ನಮ್ಮ ಚಪ್ಪಲಿ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಚಿಕ್ಕಮ್ಮ ಅಲಮಾರು ತೆಗೆದು, ಜ್ವರದಿಂದ ಈಚೆಗೆ ಎತ್ತಿಟ್ಟ ಅರ್ಧಗಳನ್ನೆಲ್ಲ ಮೇಜಿಗೆ ಸಾಲಾಗಿ ತಂದಿಟ್ಟಳು. ಬರೀ ಆಸ್ಪತ್ರೆಯದಲ್ಲ, ಎಲ್ಲವೂ. ಚಾಕುವಿನಿಂದ ಮೇಣ ಕೆತ್ತಿ ಒಂದೊಂದರಿಂದ ಒಂದೊಂದು ಚೂರು ಪಿಂಗಾಣಿ ಬಟ್ಟಲಿಗೆ ಹಾಕಿದಳು. ಮೊದಲು ಹಳೆಯದೊಂದನ್ನು, ಕೊಳೆತದ್ದೆಂದು ಖಾತ್ರಿಯಾದದ್ದನ್ನು, ಬೆಚ್ಚಗೆ ಮಾಡಿ ನನ್ನ ಮುಂದೆ ಹಿಡಿದಳು. ಹೂದಾನಿಯಲ್ಲಿ ವಾರಗಟ್ಟಲೆ ಬದಲಿಸದೆ ಬಿಟ್ಟ ನೀರಿನ ವಾಸನೆ.

"ಇದನ್ನ ಮೂಗಲ್ಲಿ ಇಟ್ಕೋ. ಈಗ ಗೋಡೆ ಕಡೆ ತಿರುಗಿ ಕೂತ್ಕೋ."

"ಯಾಕೆ?"

"ನನ್ನ ಮುಖ ನೋಡಿದ್ರೆ ನನಗೆ ಬೇಕಾದ್ದನ್ನ ಹೇಳ್ತೀಯ. ಇದ್ರೆ ಇದೆ ಅನ್ನು, ಇಲ್ದಿದ್ರೆ ಇಲ್ಲ ಅನ್ನು. ನಂಗೆ ಬೇಜಾರಾಗತ್ತೆ, ಅದೂ ಇದೂ ಅಂತ ಯೋಚನೆ ಮಾಡ್ಬೇಡ."

ಗೋಡೆ ನೋಡುತ್ತ ಸ್ಟೂಲಿನ ಮೇಲೆ ಕೂತೆ. ಹಿಂದಿನಿಂದ ಅವಳ ಕೈ ಬಂದು ಬಟ್ಟಲು ಹಿಡಿಯುತ್ತಿತ್ತು, ಹೋಗುತ್ತಿತ್ತು. ಯಾವುದು ಯಾವ ಜಾಗದ್ದೆಂದು ನನಗೆ ಹೇಳುತ್ತಿರಲಿಲ್ಲ. ಇಲ್ಲ. ಇಲ್ಲ. ಸ್ವಲ್ಪ ಕಬ್ಬಿಣದ ವಾಸನೆ. "ಅದು ಕೊಳವೇದು, ಪರವಾಗಿಲ್ಲ." ಇಲ್ಲ. ನಡುನಡುವೆ ಕಿಟಕಿಯಾಚೆ ತಲೆ ಹಾಕಿ ಮೂಗು ತೊಳೆದ ಹಾಗೆ ಉಸಿರು ಎಳೆದುಕೊಂಡು ಬರಲು ಹೇಳುತ್ತಿದ್ದಳು. ಇಡೀ ದಿನ ಜನ ಷೂ ಬಿಚ್ಚುವುದನ್ನು ಸಹಿಸಿಕೊಂಡ ಮೂಗು ನನ್ನದು, ಅದಕ್ಕೆ ಇಷ್ಟು ಮರ್ಯಾದೆ ಎಂದೂ ಸಿಕ್ಕಿರಲಿಲ್ಲ.

ಹಾಗೊಮ್ಮೆ ಕಿಟಕಿಯಿಂದ ತಿರುಗಿದಾಗ ಅವಳು ಕೈಯಲ್ಲಿ ಬಟ್ಟಲು ಹಿಡಿದು ಸುಮ್ಮನೆ ನಿಂತಿದ್ದಳು. "ಎಲ್ಲದಕ್ಕೂ ವಾಸನೆ ಇಲ್ಲ ಅಂತ ಬರೆದೆನಲ್ಲೇ" ಎಂದಳು. "ಈ ಸಲ ಒಳ್ಳೊಳ್ಳೆ ಜಾಗ ಬರ್ತಿದೆ ಅಂತ ಖುಷಿ ಬೇರೆ ಪಟ್ಟೆ. ಹೋಗಿದ್ದು ನನ್ನ ಮೂಗು, ನಾನು ಮಣ್ಣಿಗೇ ವಾಸನೆ ಇಲ್ಲ ಅಂದೆ."

ಹೆಗಲಿನಿಂದ ಶಾಲು ಜಾರಿತು. ಅವಳು ಮೊಣಕೈಯಿಂದಲೇ ಅದನ್ನು ಮೇಲೆ ಸರಿಸಿಕೊಂಡಳು. ಆಗ ನನಗೆ ಹೊಳೆಯಿತು. ಜ್ವರದಿಂದ ಎದ್ದ ಮೇಲೆ ತೆಗೆದೆ, ಏನೂ ಇಲ್ಲ, ಬರೀ ಬಟ್ಟೆ. ಹಾಗೆ ತಾನೆ ಹೇಳಿದ್ದು?

ತಕ್ಷಣ ಗೋಡೆಯ ಕಡೆ ತಿರುಗಿ ಕೂತುಬಿಟ್ಟೆ. ಅವಳಿಗೆ ಹೊಳೆಯದಿರಲಿ ಎಂದು ಬೇಡಿಕೊಂಡೆ. ಆಸ್ಪತ್ರೆಯ ಗಡಿಬಿಡಿಯಲ್ಲಿ ಮರೆತು ಹೋಗಲಿ. ಆದರೆ ಆ ಹೆಂಗಸು ಒಂದು ಚೂರನ್ನೂ ಬಿಡುವವಳಲ್ಲ ಎಂದು ಗೊತ್ತಿತ್ತು. ಈಗಲ್ಲದಿದ್ದರೆ ಸಂಜೆ, ಸಂಜೆಯಲ್ಲದಿದ್ದರೆ ನಾಳೆ ನಾನಿಲ್ಲದಾಗ, ಒಬ್ಬಳೇ ಕೂತಾಗ. ಅದಂತೂ ಇನ್ನೂ ಕೆಟ್ಟದ್ದು.

"ಇದು?"

ಹೂದಾನಿಯ ನೀರು. ಮೆಲ್ಲಗೆ, ಆದರೆ ಅದೇ. "ಇದೆ" ಎಂದೆ.

ಹಿಂದೆ ಬಟ್ಟಲು ಮೇಜಿಗೆ ತಾಕಿದ ಸದ್ದು. ಮತ್ತೊಂದು ಬಂತು, ಇಲ್ಲ. ಇನ್ನೊಂದು, ಇಲ್ಲ. ಮತ್ತೆ ಮೊದಲಿನದನ್ನೇ ನನಗೆ ಹೇಳದೆ ಹಿಡಿದಳು. "ಇದೆ, ಇದೂ ಹಾಗೇ" ಎಂದೆ. ಆಸ್ಪತ್ರೆಯ ಒಂದು ಮೂಲೆಯ ಕೊಳವೆ ಅದು.

ಚಿಕ್ಕಮ್ಮ ಲ್ಯಾಬಿನ ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದಳು. ಅವರು ಸ್ವಲ್ಪ ಹೊತ್ತಿಗೇ ಮನೆಯ ಚಪ್ಪಲಿಯಲ್ಲೇ ಬಂದರು. ಒಳ್ಳೆಯ ಮನುಷ್ಯ. ಚಿಕ್ಕಮ್ಮ ನಿಂತುಕೊಂಡೇ, ಜ್ವರದಿಂದ ಹಿಡಿದು ಗ್ಯಾಸಿನವರೆಗೆ ಒಂದೂ ಬಿಡದೆ ಹೇಳಿದಳು. ಅವರು ಬಟ್ಟಲನ್ನು ತಾವೇ ಬೆಚ್ಚಗೆ ಮಾಡಿ ಮೂಸಿ, ಮುಖ ಗಂಭೀರ ಮಾಡಿಕೊಂಡು ಕಂಟ್ರಾಕ್ಟರಿಗೆ ಫೋನ್ ಮಾಡಿದರು. ನಾಳೆ ತೋಡಬೇಡಿ, ಆ ಮೂಲೆಯಲ್ಲಿ ಇನ್ನಷ್ಟು ಕಡೆ ಕೊರೆಯಬೇಕು. ಆಮೇಲೆ ಚಿಕ್ಕಮ್ಮನ ಕಡೆ ತಿರುಗಿದರು.

"ನೀವು ಹೇಳಿದ್ದು ಒಳ್ಳೇದಾಯ್ತು. ಇನ್ಮೇಲೆ ಬರೋ ಪ್ರತಿ ಜೇಡಿಗೂ ಒಲೆ ಪರೀಕ್ಷೆ ಮಾಡಿಬಿಡೋಣ, ವಾಸನೆ ಇರ್ಲಿ ಬಿಡ್ಲಿ. ಮೂಗಿನ ಮೇಲೆ ಬಿಟ್ಟಿದ್ದು ನಮ್ಮ ತಪ್ಪು. ನೀವು ಮೊದಲು ಡಾಕ್ಟರಿಗೆ ತೋರಿಸಿ."

"ಆಯ್ತು ಸಾರ್" ಎಂದಳು. ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದಳು ಪಾಪ, ಅದು ಸಿಗಲಿಲ್ಲ. ಮೂಗು ಇನ್ನು ಬೇಕಿಲ್ಲ ಎಂಬ ಮಾತು ಸಿಕ್ಕಿತು. ಅವರು ಒಳ್ಳೆಯದಕ್ಕೇ ಹೇಳಿದ್ದು, ಸರಿಯಾದದ್ದನ್ನೇ ಹೇಳಿದ್ದು.

ಕೆತ್ತಿದ ಅರ್ಧಗಳಿಗೆಲ್ಲ ಮತ್ತೆ ಮೇಣ ಸುರಿದು, ಬಟ್ಟಲು ತೊಳೆದು, ನಾವು ಹೊರಟೆವು. ದಾರಿಯಲ್ಲಿ ಅವಳಿಗೆ ಮೈ ಹಗುರಾಗಿತ್ತು. ಬಸ್ಸಿನಲ್ಲಿ ನನ್ನ ಮೂಗನ್ನು ಹೊಗಳಿದಳು, ಚಪ್ಪಲಿ ಅಂಗಡಿ ಬಿಟ್ಟು ಲ್ಯಾಬಿಗೆ ಸೇರು ಎಂದಳು. ನಾನೂ ಬಾಯಿಗೆ ಬಂದದ್ದೆಲ್ಲ ಮಾತಾಡಿದೆ, ಅಂಗಡಿ ಮಾಲೀಕನನ್ನು ಅಣಕಿಸಿದೆ, ಅವಳನ್ನು ಸುಮ್ಮನಿರಲು ಬಿಡಲಿಲ್ಲ. ಬೀದಿಯ ತಿರುವಿನಲ್ಲಿ ತರಕಾರಿ ಕೊಂಡಳು. ಬೀಗ ತೆಗೆದಳು. ಚೀಲ ಅಡುಗೆಮನೆಯಲ್ಲಿಟ್ಟು ಬಂದು, ಕೋಣೆಯ ನಡುವೆ ನಿಂತುಬಿಟ್ಟಳು.

"ಒಂದು ಉಳೀತು" ಎಂದಳು.

ಹೆಗಲಿನಿಂದ ಶಾಲು ತೆಗೆದು ಎರಡೂ ಕೈಯಲ್ಲಿ ಹಿಡಿದಿದ್ದಳು.

ನಾನು ದಾರಿಯುದ್ದಕ್ಕೂ ಒಂದು ಸುಳ್ಳು ಕಟ್ಟಿಟ್ಟುಕೊಂಡಿದ್ದೆ. ಎಣ್ಣೆ, ಮುಲಾಮು, ಇನ್ನೂ ಸ್ವಲ್ಪ ಇದೆ ಚಿಕ್ಕಮ್ಮ, ಎಲ್ಲಿಗೆ ಹೋಗತ್ತೆ. ಕೈ ಚಾಚಿದೆ.

"ಗೋಡೆ ಕಡೆ ತಿರುಗು" ಎಂದಳು.

ಮಂಚದ ಅಂಚಿನಲ್ಲಿ ಗೋಡೆ ನೋಡುತ್ತ ಕೂತೆ. ಶಾಲು ಮಡಿಲಿಗೆ ಬಂತು. ಮುಖ ಹುದುಗಿಸಿದೆ. ಬೆಳಿಗ್ಗೆಯಿಂದ ಎಷ್ಟು ಬಟ್ಟಲಿಗೆ ಇದೆ, ಇಲ್ಲ ಎಂದು ಹೇಳಿದ್ದ ಬಾಯಿ. ಕಟ್ಟಿಟ್ಟುಕೊಂಡ ಸುಳ್ಳು ಹೊರಗೆ ಬರಲೇ ಇಲ್ಲ.

"ಸೋಪು" ಎಂದೆ.

"ಯಾವ ಸೋಪು?"

"ಬಟ್ಟೆ ಸೋಪು."

"ಅದರ ಕೆಳಗೆ?"

ಮತ್ತೆ ಮುಖ ಇಟ್ಟೆ. ಅಂಚು, ನಡು, ಕುತ್ತಿಗೆಗೆ ತಾಗುವ ಜಾಗ, ಎಲ್ಲ ಕಡೆ ಹುಡುಕಿದೆ. ಒಂದು ಚೂರಾದರೂ ಸಿಗಲಿ ಎಂದು ನನ್ನಷ್ಟು ಆಸೆಪಟ್ಟವರು ಯಾರೂ ಇರಲಾರರು.

"ಇಲ್ಲ ಚಿಕ್ಕಮ್ಮ."

ಕೆಳಗಿನ ಮನೆಯವರ ಕುಕ್ಕರ್ ಕೂಗಿತು.

"ಒಗೆಯೋ ದಿನ ಅಮ್ಮನ ವಾಸನೆ ಇನ್ನೂ ಇತ್ತು ಅನ್ಸತ್ತೆ" ಎಂದಳು. "ನಂಗೆ ಗೊತ್ತಾಗ್ಲಿಲ್ಲ, ಅಷ್ಟೇ. ಯಾರನ್ನಾದ್ರೂ ಒಂದು ಸಲ ಕೇಳಬಹುದಿತ್ತು. ಕೆಳಗಡೆ ಮನೆಯವರನ್ನಾದ್ರೂ ಕರೆದು, ನೋಡಿ ಇದ್ರಲ್ಲಿ ವಾಸನೆ ಇದೆಯಾ ಅಂತ." ಆಮೇಲೆ "ಅರ್ಧ ಎತ್ತಿಡಬೇಕಿತ್ತು ಕಣೇ" ಎಂದಳು. "ಯಾರ್ಯಾರದೋ ಮಣ್ಣಿಗೆ ಎತ್ತಿಟ್ಟೆ. ಇದಕ್ಕೆ ಒಂದು ಮೂಲೆ ಕತ್ತರಿಸಿ ಇಟ್ಟಿದ್ರೂ ಸಾಕಿತ್ತು."

"ತಿರುಗ್ಲಾ?" ಎಂದು ಕೇಳಿದೆ.

"ಬೇಡ" ಎಂದಳು. "ಸ್ವಲ್ಪ ಹೊತ್ತು ಹಾಗೇ ಇರು."

ನಾನು ಶಾಲನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತೆ.